ಒದ್ದೆ ಹತ್ತಿಯ ದೀಕ್ಷಾಸ್ನಾನ

೧೯೮೯ರಲ್ಲಿ ನಾನು ಮಸ್ಕತ್ತಿನ ಒಂದು ಆಸ್ಪತ್ರೆಯ ನವಜಾತ ಶಿಶು ವಿಭಾಗದಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಊರು ಉಡುಪಿ ಕಡೆ. ಆ ಶುಕ್ರವಾರ ಇಬ್ಬರು ರಜೆ ಹಾಕಿದ್ದರಿಂದ ನನಗೆ ಡಬಲ್ ಡ್ಯೂಟಿ. ಮಧ್ಯಾಹ್ನದ ಹೊತ್ತಿಗೆ ನಿಲ್ಲಲೂ ಆಗದಷ್ಟು ಸುಸ್ತಾಗಿತ್ತು.

ಇನ್‌ಕ್ಯುಬೇಟರಿನಲ್ಲಿ, ಅಂದರೆ ಅವಧಿಗೆ ಮುಂಚೆ ಹುಟ್ಟಿದ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆಯಲ್ಲಿ, ಒಂಬೈನೂರು ಗ್ರಾಂ ತೂಕದ ಗಂಡುಮಗುವಿತ್ತು. ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ತಾಯಿ ಮಂಗಳೂರಿನ ಫಿಲೋಮಿನಾ ಸಿಸೇರಿಯನ್ ಆಗಿ ಮೇಲಿನ ವಾರ್ಡಿನಲ್ಲಿ ಏಳಲಾಗದೆ ಮಲಗಿದ್ದಳು. ಗಂಡ ತಾನು ಕೆಲಸಕ್ಕಿದ್ದ ದೂರದ ಬುರೈಮಿಯಿಂದ ಆಗಷ್ಟೇ ಹೊರಟಿದ್ದ. ಅಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಊರಿನ ರೂವಿ ಭಾಗದ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಅದೇ ಬಲಿಪೂಜೆ ಎಂಬ ಆರಾಧನೆಗಳ ದಿನ, ಫೋನ್ ಎತ್ತುವವರಿಲ್ಲ.

“ಶಾಂತಕ್ಕಾ, ಮಗುವಿಗೆ ನೀವೇ ಬಾವ್ತಿಸ್ಮ್ ಕೊಡಿ” ಎಂದಳು ಫಿಲೋಮಿನಾ, ನಾನು ಮೇಲೆ ಹೋದಾಗ. ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ದೀಕ್ಷಾಸ್ನಾನಕ್ಕೆ ಅವರ ಕೊಂಕಣಿಯ ಹೆಸರು ಅದು.

“ನಾನು ಹಿಂದೂ ಅಲ್ವಾ ಮಾರಾಯ್ತಿ, ನನ್ನಿಂದ ಹೇಗೆ ಆಗ್ತದೆ?”

“ಆಗ್ತದೆ. ಜೀವ ಹೋಗುವ ಹೊತ್ತಿಗೆ ಯಾರು ಕೂಡಾ ಕೊಡ್ಬಹುದು. ತಲೆಗೆ ನೀರು ಹೊಯ್ದು ನಾನು ಹೇಳಿದ್ದಷ್ಟು ಹೇಳಿ.”

ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ ಎಂಬ ವಾಕ್ಯವನ್ನು ನನ್ನಿಂದ ಮೂರು ಸಲ ಹೇಳಿಸಿದಳು. ಕೆಳಗೆ ಬಂದು ಅದನ್ನೇನೋ ಹೇಳಿದೆ. ನೀರು ಹೊಯ್ಯಲು ಮಾತ್ರ ಕೈ ಬರಲಿಲ್ಲ. ಅಂಥ ಕೂಸಿನ ತಲೆ ಒದ್ದೆಯಾದರೆ ಮೈ ತಣ್ಣಗಾಗುತ್ತದೆ ಎಂಬುದು ನಮ್ಮ ಮೊದಲ ಪಾಠ. ಉಳಿಯದ ಮಗುವಿನ ಮುಂದೆಯೂ ಕೈ ಅಭ್ಯಾಸ ಬಿಡಲಿಲ್ಲ, ಒದ್ದೆ ಹತ್ತಿಯಿಂದ ಹಣೆ ಒರೆಸಿದೆ. ಮೇಲೆ ಹೋಗಿ “ಆಯ್ತು” ಎಂದೆ. ಅವಳು ಸಮಾಧಾನವಾಗಿ ಅತ್ತಳು.

ಇಗರ್ಜಿಯ ಫೋನ್ ಕೊನೆಗೂ ಸಿಕ್ಕಿ, ಮೂರು ಗಂಟೆಗೆ ಪಾದ್ರಿ ಓಡಿಬಂದರು. ಮಗು ಇನ್ನೂ ಉಸಿರಾಡುತ್ತಿತ್ತು. ತಾಯಿ ನನ್ನಿಂದ ಬಾವ್ತಿಸ್ಮ್ ಕೊಡಿಸಿದಳು ಎಂದೆ.

“ನೀರು ಹೊಯ್ದಿರಾ ಸಿಸ್ಟರ್?”

ವಿವರಿಸುವ ತ್ರಾಣ ನನಗಿರಲಿಲ್ಲ. “ಹೊಯ್ದೆ ಫಾದರ್.”

“ಹಾಗಾದ್ರೆ ನಾನು ಪುನಃ ಕೊಡುವ ಹಾಗಿಲ್ಲ. ಜನ್ಮಕ್ಕೆ ಒಂದೇ ಸಲ.” ಪ್ರಾರ್ಥಿಸಿ ತಾಯಿಯ ಬಳಿಗೆ ಹೋದರು. ನಾಲ್ಕು ಗಂಟೆಗೆ ಮಗು ತೀರಿಕೊಂಡಿತು.

ಒಂದು ವಾರ ಅನ್ನ ರುಚಿಸಲಿಲ್ಲ. ಕೊನೆಗೆ ರೂವಿಗೆ ಹೋಗಿ ಪಾದ್ರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಬ್ಯಾಪ್ಟಿಸಮ್ ಎಂಬ ಪದದ ಗ್ರೀಕ್ ಮೂಲಕ್ಕೆ ಮುಳುಗಿಸುವುದು ಎಂದೇ ಅರ್ಥವಂತೆ. ಯೊವಾನ್ನನೆಂಬ ಪ್ರವಾದಿ ಯೋರ್ದನ್ ಹೊಳೆಯಲ್ಲಿ ಜನರನ್ನು ಮುಳುಗಿಸಿ ಏಳಿಸುತ್ತಿದ್ದನಂತೆ, ಯೇಸುವೂ ಅದಕ್ಕೆಂದೇ ಅಲ್ಲಿಗೆ ಬಂದಿದ್ದನಂತೆ. ಮುಳುಗಿ ಎದ್ದಾಗ ಹಳೆಯ ಬದುಕು ಮುಗಿದು ಹೊಸದು ಹುಟ್ಟುತ್ತದೆ, ಹಾಗೆ ಹುಟ್ಟುವುದು ಒಮ್ಮೆ ಮಾತ್ರ. ಈಗ ಬೊಗಸೆ ನೀರು ಸಾಕು, ಆದರೆ ಅದು ತಲೆಯ ಮೇಲೆ ಹರಿಯಬೇಕು.

“ದೇವರ ಕರುಣೆ ನಿಮ್ಮ ಹತ್ತಿಯನ್ನು ನಂಬಿಕೊಂಡು ಕೂತಿಲ್ಲ, ಅದಕ್ಕೆ ಹೆದರ್ಬೇಡಿ” ಎಂದರು. “ಆದ್ರೆ ಕೇಳಿದಾಗ ಹೇಳ್ಬೇಕಿತ್ತು. ನನ್ನ ಕೈಯಲ್ಲಿ ನೀರಿತ್ತು.”

ಫಿಲೋಮಿನಾಗೆ ಹೇಳುವ ಧೈರ್ಯ ನನಗೆ ಬರಲೇ ಇಲ್ಲ. ನಿವೃತ್ತಿಯವರೆಗೂ ಮುಂದಿನ ಪಾಳಿಯವರಿಗೆ ಡ್ಯೂಟಿ ಒಪ್ಪಿಸುವಾಗ, ಎಷ್ಟೇ ದಣಿದಿರಲಿ, ಅರ್ಧ ಮಾಡಿದ್ದನ್ನು ಅರ್ಧ ಎಂದೇ ಹೇಳಿದೆ. ಉಳಿದರ್ಧ ಮಾಡಬಲ್ಲವರು ಎದುರಿಗೇ ನಿಂತಿರಬಹುದು.