ಮೇಸ್ತ್ರಿ ಕಡಿದ ಸೊಂಡಿಲು

ಅವರ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಬಿಳಿ ಗೀರುಗಳಿದ್ದವು. ಉಳಿ ಮಸೆದಾದ ಮೇಲೆ ಹರಿತವಾಯಿತೇ ಎಂದು ಆ ಉಗುರಿನ ಮೇಲೆಯೇ ಎಳೆದು ನೋಡುತ್ತಿದ್ದರು. ಸಾಗರದಲ್ಲಿ ಗಂಧದ ಕೆತ್ತನೆಯ ಕಾರ್ಖಾನೆಯೊಂದಕ್ಕೆ ಅವರು ಮೇಸ್ತ್ರಿ. ನಾನು ಅಲ್ಲಿ ಕಾಗದಪತ್ರ ಬರೆಯುವ ಗುಮಾಸ್ತ.

ನನ್ನ ಮೇಜಿನ ಮೇಲೆ ಒಂದು ಪುಸ್ತಕವಿತ್ತು. ತೀರ್ಥಹಳ್ಳಿಯ ಚರ್ಚಾಸ್ಪರ್ಧೆಯಲ್ಲಿ ನಾನು ಬಹುಮಾನವಾಗಿ ಗೆದ್ದದ್ದು. ಹತ್ತು ಜನರನ್ನು ಆಳುವವನು ಹೇಗಿರಬೇಕೆಂದು ಹೇಳುವ ಅಮೆರಿಕದ ಪುಸ್ತಕ. ಆಗ ಇಂಗ್ಲಿಷು ಓದಿದವರ ಬಗಲಲ್ಲೆಲ್ಲ ಅದೇ. ತಪ್ಪು ಮಾಡಿದವನನ್ನು ಮರೆಗೆ ಕರೆ, ಮೊದಲು ಎರಡು ಮಾತು ಹೊಗಳು, ಆಮೇಲೆ ತಪ್ಪು ಹೇಳು ಎಂಬ ಅದರ ಸೂತ್ರ ನನಗೆ ಬಾಯಿಪಾಠ. ಮೇಸ್ತ್ರಿಯೋ, ಯಾರನ್ನೂ ಹೊಗಳಿದವರಲ್ಲ. ಕೆಲಸ ಚೆನ್ನಾಗಿದ್ದರೆ "ಹ್ಞೂಂ" ಎಂದು ಮುಂದಿನ ಮಣೆಗೆ ಹೋಗುವರು. ಇವರಿಗೆ ಜನರನ್ನು ನಡೆಸುವುದು ಬರುವುದಿಲ್ಲ ಎಂದು ನಾನು ತೀರ್ಮಾನಿಸಿಯಾಗಿತ್ತು.

ಒಂದು ಮಧ್ಯಾಹ್ನ, ವಸ್ತುಪ್ರದರ್ಶನಕ್ಕೆ ಹೋಗಬೇಕಿದ್ದ ಪೆಟ್ಟಿಗೆಯ ಮುಚ್ಚಳದ ಮೇಲೆ ಎಲ್ಲರಿಗಿಂತ ಹಿರಿಯ ಕೆಲಸಗಾರರ ಉಳಿ ಜಾರಿತು. ನಾಲ್ಕು ಮೂಲೆಗೆ ನಾಲ್ಕು ಆನೆ, ಎದುರುಬದುರಾಗಿ ಎರಡು ಜೋಡಿ. ಅವರು ಕೆತ್ತುತ್ತಿದ್ದ ಆನೆಯ ಸೊಂಡಿಲಿನ ತುದಿ ಹಾರಿಹೋಯಿತು. ಅವರ ಕಣ್ಣು ಮಂಜಾಗುತ್ತಿರುವುದು ಎಲ್ಲರಿಗೂ ಗೊತ್ತು, ಯಾರೂ ಆಡುತ್ತಿರಲಿಲ್ಲ. ಅವರು ತಮ್ಮ ಉಳಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತತೊಡಗಿದರು. ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದೇ ಅದರ ಅರ್ಥ.

ನಾನು ಮೇಸ್ತ್ರಿಯ ಬಳಿ ಹೋಗಿ ಪುಸ್ತಕದ ಸೂತ್ರವನ್ನು ಪಿಸುಗುಟ್ಟಿದೆ.

"ಹೊಗಳಿದ್ರೆ ಸೊಂಡ್ಲು ಬೆಳೀತದಾ ಮಾರಾಯಾ?" ಎಂದರು.

ಮುಚ್ಚಳವನ್ನು ತೊಡೆಯ ಮೇಲೆಳೆದುಕೊಂಡರು. ಎದುರು ಮೂಲೆಯ ಆನೆ ಮೇಸ್ತ್ರಿಯದೇ. ಕೆತ್ತಿ ಮುಗಿದಿತ್ತು, ಕೂದಲೆಳೆಯಷ್ಟು ದೋಷವಿಲ್ಲ. ಅದರ ಸೊಂಡಿಲಿನ ತುದಿಯನ್ನು ಒಂದೇ ಏಟಿಗೆ ಹಾರಿಸಿಬಿಟ್ಟರು. ಉಳಿದ ಮೋಟು ಸೊಂಡಿಲನ್ನು ಒಳಕ್ಕೆ ಮಡಿಚಿ, ಮೊಗ್ಗು ಹಿಡಿದಂತೆ ಕೆತ್ತಿ, ಹಿರಿಯರ ಮುಂದಿಟ್ಟರು.

"ಅಣ್ಣ, ಗಂಟು ಬಿಚ್ಚಿ. ನಿಮ್ದೂ ಹೀಂಗೇ ಮಾಡಿ. ಜೋಡಿ ಸರಿ ಬರ್ಬೇಕಲ."

ಮರುದಿನ ಕಿಟಕಿಯ ಬಳಿಯ ತಮ್ಮ ಮಣೆಯನ್ನೂ ಅವರಿಗೆ ಬಿಟ್ಟುಕೊಟ್ಟರು. ಕಾರಣ ಕೇಳಿದ್ದಕ್ಕೆ, ಅಲ್ಲಿ ತಮಗೆ ಬಿಸಿಲು ಹೊಡೆಯುತ್ತದೆ ಎಂದು ಗೊಣಗಿದರು.

ಆ ಪುಸ್ತಕವನ್ನು ಮೊದಲಿನಿಂದ ಮತ್ತೆ ಓದಿದೆ. ಅದರ ಯಜಮಾನರೆಲ್ಲ ಸಿಹಿಯಾಗಿ ಮಾತಾಡುತ್ತಾರೆ; ಬದಲಾಗಬೇಕಾದವನು ಮಾತ್ರ ಯಾವಾಗಲೂ ಎದುರಿಗೆ ನಿಂತವನೇ. ಇನ್ನೊಬ್ಬನಿಗಾಗಿ ತನ್ನ ಒಳ್ಳೆಯ ಕೆಲಸಕ್ಕೆ ಉಳಿಯಿಟ್ಟವನು ಒಬ್ಬನೂ ಇಲ್ಲ. ಇದ್ದರೆ ಪುಟ ತೋರಿಸಿ, ನನ್ನ ವಾದ ಹಿಂತೆಗೆದುಕೊಳ್ಳುತ್ತೇನೆ.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಕೊನೆಕೊನೆಗೆ ಕೈ ನಡುಗುತ್ತಿತ್ತು. ಅರ್ಧಕ್ಕೆ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಅವರ ಆನೆಯ ಕಿವಿ ತುಸು ಸೊಟ್ಟ. ಮೊನ್ನೆ ಕಾರ್ಖಾನೆಗೆ ಹೋದಾಗ ಹಿರಿಯರು ಕಿಟಕಿಯ ಬಳಿ ಕೂತು ಅದರ ಎದುರಿನ ಆನೆಯನ್ನು ಕೆತ್ತುತ್ತಿದ್ದರು. ಪಾಪ, ಕಣ್ಣು ಕಾಣದು ಎಂದುಕೊಂಡು, ಕಿವಿ ಸೊಟ್ಟಗಾಗುತ್ತಿದೆ ಎಂದೆ.

"ಕಾಣ್ತದೆ," ಎಂದರು ತಲೆಯೆತ್ತದೆ. "ಅವ್ರದ್ದಕ್ಕೆ ಜೋಡಿ ಆಗ್ಬೇಕಲ."