ಪಳೈ ಊರಿನ ಅರ್ಧ ಮೈಲಿ ಹಳಿ

ರೈಲು ನಿಂತು ಎಂಟು ತಿಂಗಳಾದರೂ ಗ್ಯಾಂಗ್‌ಮನ್ ವೈತಿಲಿಂಗಂ ಬೆಳಿಗ್ಗೆ ಸುತ್ತಿಗೆ ಹೆಗಲಿಗೇರಿಸಿ ಹಳಿಯ ಮೇಲೆ ಹೊರಡುವುದನ್ನು ಬಿಡಲಿಲ್ಲ. ಪಳೈ ಸ್ಟೇಷನ್ನಿಗೆ ಬೀಗ ಬಿದ್ದಿತ್ತು, ಸ್ಟೇಷನ್ ಮಾಸ್ತರು ಊರು ಬಿಟ್ಟಿದ್ದರು. ಇಲಾಖೆಯೇ ಮರೆತ ಹಳಿಗೆ ಇವನೊಬ್ಬ ವಾರಸುದಾರ. ಸಡಿಲವಾದ ಮೊಳೆ ಬಡಿಯುವನು, ಹುಲ್ಲು ಕೀಳುವನು. ಪಕ್ಕದ ಮನೆಯ ಆರುಮುಗಂ ಬೇಲಿಯಾಚೆಯಿಂದ, "ವೈತಿಯಣ್ಣ, ಇವತ್ತಿನ ಗಾಡಿ ಎಷ್ಟು ಲೇಟು?" ಎಂದು ಕೆಣಕುವನು. ವೈತಿಲಿಂಗಂ ಮುಂದಿನ ಮೊಳೆಗೆ ಸುತ್ತಿಗೆ ಬೀಸುವನು.

ಅವನ ಒಬ್ಬಳೇ ಮಗಳು ಪುಷ್ಪಕಾಂತಿ ಕೊಲಂಬೊದಲ್ಲಿ ನರ್ಸ್. ಜೂನ್‌ನಲ್ಲಿ ಯುದ್ಧ ಮತ್ತೆ ಹೊತ್ತಿಕೊಳ್ಳುವ ಮುನ್ನ, ರಜೆ ಮುಗಿಸಿ ರೈಲು ಹತ್ತಿದವಳು. ಆಮೇಲೆ ಒಂದು ಕಾಗದವೂ ಇಲ್ಲ. ಊರಿಗೂ ಕೊಲಂಬೊಗೂ ನಡುವೆ ಒಂದು ಕಡೆ ಸೈನ್ಯ, ಇನ್ನೊಂದು ಕಡೆ ಬಂದೂಕು ಹಿಡಿದ ಊರಿನ ಹುಡುಗರು. ಕಾಡುದಾರಿಯಲ್ಲಿ, ದೋಣಿಯಲ್ಲಿ ಜನ ಬರುತ್ತಿದ್ದರು, ದಾರಿಯಲ್ಲೇ ಸಾಯುತ್ತಲೂ ಇದ್ದರು. ಮಗಳು ಜೀವಸಹಿತ ಮನೆ ಸೇರುವುದಾದರೆ ರೈಲಿನಲ್ಲೇ ಎಂದು ಅವನು ನಂಬಿಬಿಟ್ಟಿದ್ದ.

ವಿಮಾನಗಳು ಬಾಂಬು ಹಾಕತೊಡಗಿದ ಮೇಲೆ ಅಂಗಳ ಅಂಗಳದಲ್ಲೂ ಬಂಕರ್ ತೋಡಿದರು. ಗುಂಡಿಯ ಮೇಲೆ ಹಳಿ ಅಡ್ಡಹಾಕಿ, ಹಳಿಯಡಿಯ ಮರದ ದಿಮ್ಮಿ, ಸ್ಲೀಪರ್ ಜೋಡಿಸಿ, ಮರಳಿನ ಮೂಟೆ ಹೇರಿದರೆ ಗಟ್ಟಿ. ಸೈನ್ಯ ಕಿತ್ತಿತು, ಹುಡುಗರು ಕಿತ್ತರು, ಊರವರು ಬಿಟ್ಟಾರೆಯೇ? ಎರಡು ತಿಂಗಳಲ್ಲಿ ವೈತಿಲಿಂಗಂ ಕಾಯುತ್ತಿದ್ದ ಅರ್ಧ ಮೈಲಿ ಮಾತ್ರ ಉಳಿಯಿತು. ಎರಡೂ ತುದಿಯಾಚೆ ಬರೀ ಜಲ್ಲಿ. ಅದು ಅವನ ಕಣ್ಣಿಗೂ ಕಾಣುತ್ತಿತ್ತು. ಆದರೂ ಯಾರಾದರೂ ಹಾರೆ ಹಿಡಿದು ಬಂದರೆ ಹಳಿಯ ಮೇಲೆ ಕೂತುಬಿಡುವನು. ಗ್ಯಾಂಗ್‌ಮನ್ ಆದವನು ತನ್ನ ಸರಹದ್ದಿನ ಹಳಿ ಕೀಳುವುದುಂಟೇ ಎಂದು ವಾದಿಸುವನು. ಇಪ್ಪತ್ತಾರು ವರ್ಷ ನೌಕರಿ ಮಾಡಿದವನ ಹಟ. ಮರ್ಯಾದೆಗೋ ಬೇಸರಕ್ಕೋ ಜನ ಹಿಂದಿರುಗುತ್ತಿದ್ದರು.

ಹೆಂಡತಿ ಅನ್ನಪ್ಪಿಳ್ಳೈ ಬೇಡಿದಳು, ಬೈದಳು, ಮಾತು ಬಿಟ್ಟಳು. ಒಂದು ದಿನ ಗಂಜಿ ಬಡಿಸುತ್ತಾ ಮೆಲ್ಲಗೆ ಕೇಳಿದಳು: "ನಾಲ್ಕೇ ನಾಲ್ಕು ಸ್ಲೀಪರ್ ತನ್ನಿ. ಅವಳು ಬರೋ ಹೊತ್ತಿಗೆ ನಾನೂ ಇರಬೇಡ್ವಾ?"

"ತೆಂಗಿನ ಮರ ಸಾಕು ಬಿಡು," ಎಂದ ಅವನು. ಹಿತ್ತಲ ಎರಡು ಮರ ಕಡಿದು, ಕಾಂಡ ಸೀಳಿ ಗುಂಡಿಗೆ ಹೊದಿಸಿದ.

ಫೆಬ್ರವರಿ ಕೊನೆಯಲ್ಲಿ, ಮಾಸಿ ತಿಂಗಳ ಒಂದು ಬೆಳಿಗ್ಗೆ, ಅವನು ಹಳಿಯ ಮೇಲಿದ್ದಾಗಲೇ ವಿಮಾನ ಬಂತು. ಓಡಿ ಬರುವಷ್ಟರಲ್ಲಿ ಕಾಂಡಗಳು ಮುರಿದು ಮಣ್ಣೆಲ್ಲ ಗುಂಡಿಯೊಳಕ್ಕೆ ಕುಸಿದಿತ್ತು. ಕೈಯಿಂದಲೇ ಬಗೆದ. ಅನ್ನಪ್ಪಿಳ್ಳೈ ಸಿಕ್ಕಾಗ ಮೈಮೇಲೆ ಒಂದು ಗಾಯವೂ ಇರಲಿಲ್ಲ, ಉಸಿರೂ ಇರಲಿಲ್ಲ. ಬೇಲಿಯಾಚೆ ಹಳಿ ಹೊದಿಸಿದ ಬಂಕರಿನಿಂದ ಆರುಮುಗಂನ ಮನೆಯವರು ಆರೂ ಜನ ಮಣ್ಣು ಕೊಡವಿಕೊಂಡು ಎದ್ದು ಬಂದರು. ಅವರನ್ನು ಕಂಡು ವೈತಿಲಿಂಗಂಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

ಅಲ್ಲಿನ ಪದ್ಧತಿಯಂತೆ ಹೆಂಡತಿಯ ಮೂವತ್ತೊಂದನೆಯ ದಿನದ ಕರ್ಮ ಮುಗಿಸಿದವನೇ ಹಾರೆ ತೆಗೆದುಕೊಂಡ. ಗಟ್ಟಿ ಬಂಕರ್ ಇಲ್ಲದ ಮನೆಗಳಿಗೆ ತಾನೇ ಹೋಗಿ, ಬಂದು ಹಳಿ ಹೊತ್ತುಕೊಂಡು ಹೋಗಿ ಎಂದ. ವಾರವಿಡೀ ಕಿತ್ತ. ಕೊನೆಯ ಜೋಡಿ ಹಳಿಯ ಹತ್ತಿರ ಆರುಮುಗಂ ಅವನ ಕೈ ಹಿಡಿದ. ಈಗ ಅವನ ದನಿಯಲ್ಲಿ ಕೆಣಕಾಟ ಇರಲಿಲ್ಲ.

"ಇದೊಂದಾದ್ರೂ ಇರಲಿ ಅಣ್ಣ. ನಾಳೆ ರೈಲು ಶುರುವಾಗಿ ಮಗಳು ಬಂದ್ರೆ?"

"ಬಂದ್ರೆ ಇಳೀತಿದ್ದ ಹಾಗೇ ಅಮ್ಮ ಎಲ್ಲಿ ಅಂತಾಳೆ," ಎಂದ ವೈತಿಲಿಂಗಂ, ಕೈ ಬಿಡಿಸಿಕೊಂಡು ಮೊಳೆಯ ಕೆಳಗೆ ಹಾರೆ ಕೊಡುತ್ತಾ. "ಅವಳು ಬರದೇ ಇರಲಿ ಅಂತಲೇ ಕೀಳ್ತಿದ್ದೀನಪ್ಪ."