ಸುಟ್ಟ ಮೋಟರಿನ ಹಳೇ ಫೋಟೋ

ನಮ್ಮೂರಿನ ವಾಟ್ಸಾಪ್ ಗ್ರೂಪು ಹುಟ್ಟಿದ್ದು ನೀರಿಗಾಗಿ. ಟ್ಯಾಂಕಿಗೆ ನೀರು ಹತ್ತಿಸಿ, ಬೀದಿಬೀದಿಯ ವಾಲ್ವ್ ತಿರುಗಿಸಿ ನಲ್ಲಿಗೆ ಬಿಡುವವರನ್ನು ನಾವು ನೀರುಗಂಟಿ ಅನ್ನುತ್ತೇವೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ನೀರುಗಂಟಿ ಸೈಕಲ್ಲಿನಲ್ಲಿ ಬಂದು, “ನೀರು ಬಿಟ್ಟಿವ್ನಿ, ಹಿಡ್ಕೊಳ್ರಮ್ಮೋ” ಎಂದು ಕೂಗಿಕೊಂಡು ಹೋಗುತ್ತಿದ್ದರು. ಗಂಟಲು ಕೈಕೊಟ್ಟ ಮೇಲೆ ಮನೆಗೊಂದು ನಂಬರ್ ಸೇರಿಸಿ ಗ್ರೂಪು ಮಾಡಿದರು. ಹೆಸರು ‘ನೀರು’. ಎರಡೇ ತಿಂಗಳಲ್ಲಿ ಅದರೊಳಗೆ ನೀರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಹರಿಯತೊಡಗಿತು. ಗುಲಾಬಿ ಹೂವಿನ ಶುಭೋದಯ, ಸಕ್ಕರೆ ಕಾಯಿಲೆಗೆ ಸೊಪ್ಪಿನ ರಸ, ಹತ್ತು ಜನಕ್ಕೆ ಕಳಿಸದಿದ್ದರೆ ಮನೆಗೆ ಬರುವ ಕೇಡು.

ನಮ್ಮ ಮನೆಯ ನಂಬರ್ ಅಂದರೆ ನನ್ನ ನಂಬರ್. ನಾನು ಆಗ ಕೋಲಾರದ ಕಾಲೇಜಿನಲ್ಲಿ ಓದುತ್ತಿದ್ದೆ. ಸರಿಯಾಗಿ ಹೇಳಬೇಕೆಂದರೆ ಚರ್ಚಾಸ್ಪರ್ಧೆಗಳ ನಡುವೆ ಬಿಡುವಾದಾಗ ಓದುತ್ತಿದ್ದೆ. ‘ಸಾಮಾಜಿಕ ಜಾಲತಾಣ ವರವೋ ಶಾಪವೋ’ ಎಂಬ ವಿಷಯಕ್ಕೆ ಮಾಲೂರಿನಲ್ಲಿ ವರವೆಂದು ವಾದಿಸಿ ಮೊದಲ ಬಹುಮಾನ ತಂದಿದ್ದೆ. ಮುಳಬಾಗಿಲಿನಲ್ಲಿ ಶಾಪವೆಂದು ವಾದಿಸಿ ಅಲ್ಲೂ ಮೊದಲ ಬಹುಮಾನ. ಶ್ರೀನಿವಾಸಪುರದಲ್ಲಿ ಎರಡೂ ಅಲ್ಲವೆಂದು ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದೆ. ಸಮಾಧಾನಕರ ಬಹುಮಾನ ಕೊಟ್ಟರು. ನಮಗೆ ತರಬೇತಿ ಕೊಡುತ್ತಿದ್ದ ಮೇಡಂ ಒಂದೇ ಮಂತ್ರ ಹೇಳಿಕೊಟ್ಟಿದ್ದರು: ಎದುರಾಳಿ ಬಾಯಿ ತೆರೆದ ಕೂಡಲೇ ಸಾಕ್ಷಿ ಕೇಳು.

ಊರಿನ ಗ್ರೂಪಿನಲ್ಲಿ ಕೇಳತೊಡಗಿದೆ. ‘ನಮ್ಮ ಕೆರೆ ಕೋಡಿ ಬಿತ್ತು’ ಎಂದು ಯಾರೋ ಫೋಟೋ ಹಾಕಿದರೆ, ಅದರ ಮೂಲೆಯಲ್ಲಿದ್ದ ದೋಣಿಗೆ ಕೆಂಪು ಸುತ್ತು ಹಾಕಿ, ‘ನಮ್ಮ ಕೆರೆಯಲ್ಲಿ ದೋಣಿ ಕಂಡವರು ಕೈ ಎತ್ತಿ’ ಎಂದು ಬರೆದೆ. ಯಾರೂ ಎತ್ತಲಿಲ್ಲ. ಟೊಮೆಟೊ ಬೆಳೆಯುವ ನನ್ನ ಮಾವ, ಅಮ್ಮನ ದೊಡ್ಡಣ್ಣ, ಒಂದು ದಿನ ಈರುಳ್ಳಿಯ ಸಂದೇಶ ಹಾಕಿದರು. ಈರುಳ್ಳಿಯನ್ನು ಎರಡು ಹೋಳು ಮಾಡಿ ಮೊಬೈಲಿನ ಪಕ್ಕ ಇಟ್ಟು ಮಲಗಿದರೆ ಅದು ಮೊಬೈಲಿನ ವಿಷವನ್ನೆಲ್ಲ ಹೀರಿಕೊಳ್ಳುತ್ತದಂತೆ. ನಾನು ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಉತ್ತರ ಬರೆದೆ. ಮೂರನೆಯದು: ‘ಹಾಗಾದರೆ ಮಾರನೇ ದಿನ ಆ ಈರುಳ್ಳಿಗೆ ಫೋನ್ ಮಾಡಿದರೆ ರಿಂಗ್ ಆಗುತ್ತದೆಯೇ, ಮಾವ?’ ಊರಿಗೆ ಊರೇ ನಕ್ಕಿತು. ಮಾವ ಒಂದು ವಾರ ನಮ್ಮ ಮನೆಯ ಮುಂದೆ ಹಾಯಲಿಲ್ಲ. ಅವರು ಸುತ್ತಿಕೊಂಡು ಹೋದ ದಾರಿ ಉದ್ದವಾಗಿತ್ತು ಎಂಬುದನ್ನು ನಾನು ಗೆಲುವೆಂದೇ ಲೆಕ್ಕ ಹಿಡಿದೆ.

ಹೀಗೆ ನನಗೊಂದು ಪದವಿ ಬಂತು. ಏನೇ ಸಂದೇಶ ಬಂದರೂ ಜನ ಕೆಳಗೆ ಬರೆಯುತ್ತಿದ್ದರು: ‘ಲಾಯರಮ್ಮ ಏನಂತಾರೆ?’ ಪಕ್ಕದ ಮನೆಯ ದೊಡ್ಡಮ್ಮನಿಗಂತೂ ಗ್ರೂಪಿನ ಗೊಡವೆಯೇ ಇರಲಿಲ್ಲ. ಅವರ ಫೋನಿನಲ್ಲಿ ಮಾತಾಡಬಹುದಿತ್ತು, ಅಷ್ಟೇ. ಗೋಡೆಯಾಚೆಯಿಂದ ಕೂಗುತ್ತಿದ್ದರು: “ಅಮ್ಮಣ್ಣೀ, ಏನಂತೆ ಇವತ್ತು?” ನಾನು ಹೇಳಿದ್ದೇ ಅವರ ಪಾಲಿನ ಸುದ್ದಿ. ಅವರಂಥ ಕೇಳುಗರು ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿಲ್ಲ.

ಆ ಬೇಸಿಗೆಯಲ್ಲಿ ದೊಡ್ಡಮ್ಮ ರೇಷ್ಮೆ ಹುಳು ಮೇಯಿಸುತ್ತಿದ್ದರು. ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲೆಲ್ಲ ಸೊಪ್ಪು ಮುಕ್ಕುತ್ತಿದ್ದವು. ಇನ್ನು ಮೂರು ನಾಲ್ಕು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಹುಳುಮನೆಗೆ ಶೀಟಿನ ಚಾವಣಿ. ಬಿಸಿಲಿಗೆ ಒಳಗೆ ಕಾವಲಿಯಂತಾಗುತ್ತದೆಂದು ಕಿಟಕಿಗಳಿಗೆಲ್ಲ ಗೋಣಿಚೀಲ ಇಳಿಬಿಟ್ಟು, ಗಂಟೆಗೊಮ್ಮೆ ನೀರು ಎರಚಿ ತಣ್ಣಗಿಡಬೇಕು. ಗೋಣಿ ಒಣಗಿದರೆ ಹುಳು ಸೊಪ್ಪು ಬಿಡುತ್ತದೆ; ಸೊಪ್ಪು ಬಿಟ್ಟ ಹುಳು ಗೂಡು ಕಟ್ಟುವುದಿಲ್ಲ. ಒಂದು ತಿಂಗಳ ದುಡಿಮೆ ಗೋಣಿಯ ತೇವದ ಮೇಲೆ ನಿಂತಿತ್ತು.

ಒಂದು ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ನೀರುಗಂಟಿಯ ಸಂದೇಶ ಬಂತು: ‘ಮೋಟರ್ ಸುಟ್ಟೈತೆ. ಟ್ಯಾಂಕಲ್ಲಿ ಇರೋದು ಈಗ ಬಿಡ್ತೀನಿ. ಆಮೇಲೆ ಮೂರು ದಿನ ಇಲ್ಲ. ಎಲ್ಲಾ ತುಂಬಿಸ್ಕೊಳ್ಳಿ.’ ಜೊತೆಗೆ ಒಂದು ಫೋಟೋ. ಕೊಳವೆಬಾವಿಯಿಂದ ಮೇಲೆತ್ತಿ ನೆಲದ ಮೇಲೆ ಮಲಗಿಸಿದ ಉದ್ದನೆಯ ಮೋಟರು, ಹಿಂದೆ ಒಂದು ಹೊಂಗೆ ಮರ.

ನನ್ನ ಕಣ್ಣು ಮೋಟರಿನ ಮೇಲೆ ನಿಲ್ಲಲೇ ಇಲ್ಲ. ಆ ಹೊಂಗೆ ಮರವನ್ನು ಹೋದ ವರ್ಷವೇ ಕಡಿದಿದ್ದರು! ಮರಕ್ಕೆ ಕೆಂಪು ಸುತ್ತು ಹಾಕಿದೆ. ‘ಈ ಮರ ಈಗ ಇಲ್ಲ. ಫೋಟೋ ಹಳೆಯದು. ಯಾರೋ ಹಳೇ ಸಂದೇಶವನ್ನು ಮತ್ತೆ ಹಾಕಿದ್ದಾರೆ. ಗಾಬರಿ ಬೇಡ.’ ಕಳಿಸಿದ್ದು ‘ಯಾರೋ’ ಅಲ್ಲ, ಸಾಕ್ಷಾತ್ ನೀರುಗಂಟಿ ಎಂಬುದು ನನಗೆ ಕಾಣುತ್ತಿತ್ತು. ಆದರೆ ಅವರೂ ಎಲ್ಲಿಂದಲೋ ಬಂದದ್ದನ್ನು ದಾಟಿಸಿರಬೇಕೆಂದು ತೀರ್ಮಾನಿಸಿದೆ. ನಮ್ಮೂರಿನ ಮೋಟರಿನ ಸುದ್ದಿ ನಮ್ಮೂರಿನ ನೀರುಗಂಟಿಗೆ ಬೇರೆ ಎಲ್ಲಿಂದ ಬರಬೇಕು ಎಂದು ಕೇಳಿಕೊಳ್ಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ನೀರುಗಂಟಿ ಉತ್ತರಿಸಲಿಲ್ಲ, ಅವರ ಕೈ ವಾಲ್ವಿನ ಮೇಲಿತ್ತು. ಉತ್ತರ ಬಾರದ ವಾದವನ್ನು ಗೆದ್ದ ವಾದವೆಂದು ತಿಳಿಯುವುದು ನನ್ನ ಹಳೆಯ ಚಾಳಿ.

ದೊಡ್ಡಮ್ಮ ಎರಡು ಡ್ರಮ್ಮು ಉರುಳಿಸಿಕೊಂಡು ನಲ್ಲಿಯ ಹತ್ತಿರ ಬಂದಿದ್ದರು.

“ಮೋಟರ್ ಹೋಗೈತಂತೆ, ನಿಜಾನೇನಮ್ಮಣ್ಣಿ?”

“ಸುಳ್ಳು ದೊಡ್ಡಮ್ಮ. ಹಳೇ ಫೋಟೋ.”

“ಹೌದಾ? ಸರಿ ಬಿಡು. ಸೊಪ್ಪು ಕುಯ್ಯೋಕೆ ಹೊತ್ತಾಯ್ತು ನಂಗೆ,” ಎಂದು ಡ್ರಮ್ಮುಗಳನ್ನು ಅಲ್ಲೇ ಬಿಟ್ಟು, ಎರಡು ಬಿಂದಿಗೆ ಹಿಡಿದುಕೊಂಡು ಹೊರಟರು. ಆ ಖಾಲಿ ಡ್ರಮ್ಮುಗಳು ಇವತ್ತಿಗೂ ನನ್ನ ಕಣ್ಣ ಮುಂದಿವೆ.

ಮಾರನೇ ದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಗ್ರೂಪು ಮಾತ್ರ ತುಂಬಿ ಹರಿಯುತ್ತಿತ್ತು. ‘ಲಾಯರಮ್ಮ, ನಲ್ಲೀಲಿ ಬರ್ತಿರೋ ಗಾಳಿ ಹಳೇದಾ ಹೊಸದಾ?’ ‘ಮರಕ್ಕೆ ಸುತ್ತು ಹಾಕಿದ್ದಾಯ್ತು, ಈಗ ಬಿಂದಿಗೆಗೂ ಹಾಕು.’ ಮಾವ ಏನೂ ಬರೆಯಲಿಲ್ಲ. ಅರ್ಧ ಈರುಳ್ಳಿಯ ಫೋಟೋ ಹಾಕಿ ಸುಮ್ಮನಾದರು. ಒಪ್ಪಬೇಕು, ಅದು ಒಳ್ಳೆಯ ಮರುವಾದ.

ದೊಡ್ಡಮ್ಮ ಬೈಯಲಿಲ್ಲ. ನಾನು ಹೋದಾಗ ಕಿಟಕಿಯ ಗೋಣಿಯನ್ನು ಮುಟ್ಟಿ ನೋಡುತ್ತಿದ್ದರು. “ಏಂಟಮ್ಮಾ ಇದಿ,” ಎಂದರು, ಅವರಿಗೆ ಕೈ ಸೋತಾಗ ಬರುವ ತೆಲುಗಿನಲ್ಲಿ. ಆಮೇಲೆ ಕನ್ನಡಕ್ಕೆ ಬಂದು, “ಇದೇನಮ್ಮಾ ಇದು? ಮಧ್ಯಾಹ್ನದ ತನಕ ತಡೀತೈತೆ. ಆಮೇಲೆ ಏನ್ಮಾಡ್ಲಿ, ಹೇಳು,” ಎಂದರು. ಕೊಂಕಿಲ್ಲದ ಪ್ರಶ್ನೆ. ಅವರಿಗೆ ಇನ್ನೂ ನಾನು ಹೇಳುವುದರ ಮೇಲೆ ನಂಬಿಕೆಯಿತ್ತು. ನಾಚಿಕೆಯಾಗಿದ್ದು ಅದಕ್ಕೆ.

ಅಷ್ಟಾದರೂ ನನ್ನ ಬುದ್ಧಿ ನೋಡಿ: ಮೊದಲು ಓಡಿದ್ದು ನೀರಿಗಲ್ಲ, ಸಾಕ್ಷಿಗೆ. ಮೊಪೆಡ್ ಹತ್ತಿ ಹತ್ತಿರದ ಸುಗಟೂರಿಗೆ ಹೋದೆ. ಅಲ್ಲಿ ಸುತ್ತಲಿನ ಊರುಗಳ ಸುಟ್ಟ ಮೋಟರುಗಳಿಗೆಲ್ಲ ಹೊಸದಾಗಿ ತಂತಿ ಸುತ್ತಿ ಕೊಡುವ ಒಬ್ಬರು ಭಾಯ್ ಇದ್ದಾರೆ. ನಮ್ಮ ಮೋಟರು ಅವರ ಮೇಜಿನ ಮೇಲೆ ಹೊಟ್ಟೆ ತೆರೆದು ಬಿದ್ದಿತ್ತು. ನೀರುಗಂಟಿ ಪಕ್ಕದ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು.

“ಬಾರಮ್ಮ, ನಿನ್ನೇ ಕಾಯ್ತಿದ್ವಿ,” ಎಂದರು ನೀರುಗಂಟಿ.

ಭಾಯ್ ಕಪ್ಪಗೆ ಕರಗಿದ ತಂತಿಯ ಒಂದು ಕಂತೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. “ಮೂಸಿ ನೋಡು ಬೇಟಿ. ಫೋಟೋದಲ್ಲಿ ಈ ವಾಸನೆ ಬರಲ್ಲ.”

ಬಂತು, ಗಂಟಲಿನವರೆಗೂ ಹತ್ತಿತು. ಆದರೂ ಸುಮ್ಮನಿರಲು ನನಗೆ ಬರುವುದಿಲ್ಲ. “ಸುಟ್ಟಿದ್ದು ನಿಜ ಅಂದ್ಮೇಲೆ ಹಳೇ ಫೋಟೋ ಯಾಕೆ ಹಾಕಿದ್ರಿ ಅಣ್ಣ?”

ನೀರುಗಂಟಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅದೇ ಮೋಟರು. ಹೋದ ವರ್ಷವೂ ಹಿಂಗೇ ಸುಟ್ಟೋಗಿತ್ತು. ಆಗ ತೆಗೆದಿದ್ದು ಫೋನಲ್ಲೇ ಐತಲ್ಲ, ಇನ್ನೊಂದು ಯಾಕೆ ತೆಗೀಲಿ? ನಮ್ಮನೇಲಿ ಸತ್ಯನಾರಾಯಣನ ಪೂಜೆಗೆ ಕರೆಯೋವಾಗ್ಲೂ ಹೋದ ವರ್ಷದ ಫೋಟೋನೇ ಹಾಕ್ತೀನಿ. ನೀನು ಬಂದು ಪ್ರಸಾದ ತಿಂದೆ. ಆವಾಗ ಸುಳ್ಳು ಅಂದ್ಯಾ?”

“ಅನ್ನಲಿಲ್ಲ.”

“ಮತ್ತೆ?”

ಮೂರು ತಾಲ್ಲೂಕುಗಳ ಬಹುಮಾನಗಳನ್ನು ಮನೆಯಲ್ಲಿಟ್ಟುಕೊಂಡವಳು ಒಂದು ‘ಮತ್ತೆ?’ಗೆ ಸೋತೆ. ಸಾಕ್ಷಿ ಹಳೆಯದಾದ ಮಾತ್ರಕ್ಕೆ ಸಂಗತಿ ಸುಳ್ಳಾಗುವುದಿಲ್ಲ; ಇದು ತರಬೇತಿಯ ಮೊದಲ ವಾರದ ಪಾಠ. ಎಷ್ಟೋ ಎದುರಾಳಿಗಳನ್ನು ನಾನೇ ಈ ತಪ್ಪಿಗೆ ಹಿಡಿದು ಕುಕ್ಕಿದ್ದೇನೆ. ನಮ್ಮೂರಿನಲ್ಲಿ ಫೋಟೋ ಸಾಕ್ಷಿಯೇ ಅಲ್ಲ, ಮದುವೆ ಕಾರ್ಡಿನ ಮೇಲಿನ ಗಣಪತಿಯಂತೆ ಇರಬೇಕಾದ್ದರಿಂದ ಇರುವ ಒಂದು ಚಿತ್ರ. ಇದು ಊರಿಗೆಲ್ಲ ಗೊತ್ತಿತ್ತು. ಆದರೆ ಊರು ತನಗೆ ಗೊತ್ತಿದ್ದನ್ನು ಬದಿಗಿಟ್ಟು ನನ್ನ ಮಾತು ಕೇಳಿತ್ತು.

ಅಲ್ಲೇ ನಿಂತು ಗ್ರೂಪಿನಲ್ಲಿ ತಪ್ಪೊಪ್ಪಿಗೆ ಬರೆದೆ. ಅಭ್ಯಾಸಬಲದಿಂದ ಒಂದು, ಎರಡು, ಮೂರು ಎಂದು ಅಂಕಿಯೂ ಬಿದ್ದವು. ಹನ್ನೆರಡು ಜನ ಹೆಬ್ಬೆರಳು ಎತ್ತಿದರು. ಅದರಿಂದ ಒಂದು ತಂಬಿಗೆ ನೀರೂ ಬರಲಿಲ್ಲ.

“ನೀರು ಬೇಕಂದ್ರೆ ತೋಟದ ಬೋರು,” ಎಂದರು ನೀರುಗಂಟಿ. “ಇವತ್ತು ಬೆಳಿಗ್ಗೆ ಬೋರು ಓಡೋ ತ್ರೀ ಫೇಸ್ ಕರೆಂಟು ನಿಮ್ಮ ಮಾವನ ಲೈನಿಗೆ.” ಹೇಳುವಾಗ ಅವರು ಟೀ ಲೋಟದಿಂದ ಬಾಯಿ ಮುಚ್ಚಿಕೊಂಡಿದ್ದರು.

ಮಾವ ಟೊಮೆಟೊ ಸಾಲಿನ ನಡುವೆ ಪೈಪು ಸರಿಸುತ್ತಿದ್ದರು. ನನ್ನನ್ನೂ ಮೊಪೆಡ್ಡಿನ ಎರಡು ಖಾಲಿ ಕ್ಯಾನುಗಳನ್ನೂ ನೋಡಿ ಎದ್ದು ನಿಂತರು.

“ಯಾರಿದು, ಲಾಯರಮ್ಮನಾ? ನೀರು ಕೊಡೋಣ, ಅದಕ್ಕೇನಂತೆ. ಮೊದ್ಲು ಈರುಳ್ಳಿ ವಿಷಯ ಇತ್ಯರ್ಥ ಆಗ್ಲಿ.”

“ಮಾವ, ಹುಳು ಸಾಯ್ತವೆ.”

“ಹುಳ ಯಾಕೆ ಸಾಯ್ತವೆ, ಪೈಪು ಅಲ್ಲೇ ಐತೆ, ಕ್ಯಾನ್ ಇಡು ತುಂಬ್ಲಿ. ತುಂಬೋ ತನಕ ಮಾತಾಡೋಣ. ನಾನು ದಿನಾ ಈರುಳ್ಳಿ ಇಟ್ಕೊಂಡು ಮಲಗ್ತೀನಿ. ನಂಗೆ ತಲೆನೋವು ಹೋಗೈತೆ. ಇದಕ್ಕೇನಂತೀಯ?”

“ಈರುಳ್ಳಿ ವಾಸನೆಗೆ ಫೋನು ದೂರ ಇಟ್ಟು ಮಲಗ್ತಿದ್ದೀರ. ಅದಕ್ಕೆ ನಿದ್ದೆ ಬರ್ತೈತೆ, ತಲೆನೋವು ಹೋಗೈತೆ.”

ಮಾವ ಪೈಪನ್ನು ಎರಡನೇ ಕ್ಯಾನಿಗೆ ಸರಿಸಿದರು. “ಅಂದ್ರೆ ಈರುಳ್ಳಿ ಕೆಲಸ ಮಾಡ್ತು ಅಂತಾಯ್ತು!”

ಕ್ಯಾನು ತುಂಬಿ ಚೆಲ್ಲುತ್ತಿತ್ತು. ನಾನು ಪೈಪು ತೆಗೆದು ಮುಚ್ಚಳ ಬಿಗಿದೆ. “ಆಯ್ತು, ಒಂದು ಹೆಬ್ಬೆರಳು ಹಾಕು ನನ್ನ ಮೆಸೇಜಿಗೆ, ಸಾಕು,” ಎಂದರು ಮಾವ. ಅದು ಸಾಧ್ಯವಿಲ್ಲ ಎಂದೆ. ಹೆಬ್ಬೆರಳು ಅಂದರೆ ಒಪ್ಪಿಗೆ. ಐದು ನಿಮಿಷದ ಸಂಧಾನದ ನಂತರ ಕೈ ಮುಗಿಯುವ ಚಿತ್ರಕ್ಕೆ ಇಬ್ಬರೂ ಒಪ್ಪಿದೆವು. ನಾನು ಅದನ್ನು ನೀರಿಗೆ ಕೃತಜ್ಞತೆಯೆಂದು ಹಾಕಿದೆ, ಅವರು ಶರಣಾಗತಿಯೆಂದು ತೆಗೆದುಕೊಂಡರು. ಮಾವ ಈಗ ನಮ್ಮ ಮನೆಯ ಮುಂದೆಯೇ ಓಡಾಡುತ್ತಾರೆ. ಸ್ವಲ್ಪ ನಿಧಾನವಾಗಿಯೇ ಓಡಾಡುತ್ತಾರೆ.

ಆವತ್ತು, ಮಾರನೇ ದಿನ, ಅದರ ಮಾರನೇ ದಿನ, ತೋಟದಿಂದ ಹುಳುಮನೆಗೆ ಎಷ್ಟು ಸಲ ಓಡಾಡಿದೆನೋ. ಗೋಣಿ ಒದ್ದೆಯಾಯಿತು, ಶೀಟಿನ ಮೇಲೆ ನೀರು ಬಿತ್ತು, ನನ್ನ ಚೂಡಿದಾರವೂ ತೊಯ್ದು ತೊಪ್ಪೆಯಾಯಿತು. ನಡುವೆ ಒಂದು ಸಲ ನೀರುಗಂಟಿ ಬಂದು ನನ್ನ ಫೋಟೋ ತೆಗೆದು ಗ್ರೂಪಿಗೆ ಹಾಕಿದರು: ‘ಹೊಸ ಫೋಟೋ’.

ನಾಲ್ಕನೇ ದಿನ ಹುಳುಗಳು ಹಳದಿಗೆ ತಿರುಗಿ ತಲೆಯೆತ್ತಿ ಆಡತೊಡಗಿದವು. ದೊಡ್ಡಮ್ಮ ಅವನ್ನು ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟರು. ಮೂಲೆಯ ಒಂದು ತಟ್ಟೆಯ ಹುಳುಗಳು ಬಾಡಿ ಹೋಗಿದ್ದವು. ಅದನ್ನು ಹೊರಗೆ ಒಯ್ದು ಗುಂಡಿಯಲ್ಲಿ ಮುಚ್ಚಿದರು. ಮಿಕ್ಕವೆಲ್ಲ ಗೂಡು ಕಟ್ಟಿದವು. ಗೂಡು ಬಿಡಿಸುವ ದಿನ ನನ್ನನ್ನೂ ಕೂರಿಸಿಕೊಂಡರು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ಕೇಳು, ಗಟ್ಟಿಯಾಗೈತೆ,” ಎಂದು ನನ್ನ ಕೈಗೂ ಒಂದನ್ನು ಕೊಟ್ಟರು.

ನಾನು ಈಗಲೂ ಗ್ರೂಪಿನಲ್ಲಿದ್ದೇನೆ, ಈಗಲೂ ಸಾಕ್ಷಿ ಕೇಳುತ್ತೇನೆ. ಸುಳ್ಳುಗಳೇನೂ ಕಡಿಮೆಯಾಗಿಲ್ಲ, ಈರುಳ್ಳಿಯ ಜಾಗಕ್ಕೆ ಬೆಳ್ಳುಳ್ಳಿ ಬಂದಿದೆ. ಕಳೆದ ವಾರ ನೀರುಗಂಟಿ ಬರೆದರು: ‘ಪೈಪ್ ಒಡೆದೈತೆ, ನಾಳೆ ನೀರಿಲ್ಲ.’ ಜೊತೆಗೆ ಅದೇ ಮೋಟರು, ಅದೇ ಹೊಂಗೆ ಮರ. ಒಡೆದದ್ದು ಪೈಪು, ಫೋಟೋ ಮಾತ್ರ ಮೋಟರಿನದು! ಬೆರಳು ಕೆಂಪು ಸುತ್ತಿನ ಕಡೆಗೆ ಹೋಗಿತ್ತು. ಗೋಡೆಯಾಚೆಯಿಂದ ಕೂಗು ಬಂತು:

“ಅಮ್ಮಣ್ಣೀ, ಏನಂತೆ ಇವತ್ತು?”

“ಪೈಪ್ ಒಡೆದೈತಂತೆ ದೊಡ್ಡಮ್ಮ.”

“ನೋಡ್ಕೊಂಡು ಬಂದ್ಯಾ, ಓದ್ಕೊಂಡು ಹೇಳ್ತಿದ್ದೀಯಾ?”

“ಓದ್ದೆ.”

“ಹಂಗಾದ್ರೆ ಹೋಗಿ ನೋಡ್ಕೊಂಡು ಬಾ. ಅಲ್ಲೀವರೆಗೆ ನಾನು ಡ್ರಮ್ ತುಂಬಿಸ್ತಿರ್ತೀನಿ.”

ಮೊಪೆಡ್ ಚಾಲೂ ಮಾಡಿದೆ.